ಇನ್ನೊಮ್ಮೆ ಒಳಗೆ ನೋಡಲು ಹೇಳಿ

ಫೆಬ್ರವರಿ 3

ಗಡಿಬಿಡಿಗೆ,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ನೀನು ಸೊಸೆಯಾಗಿ ಬಂದ ಮೊದಲ ವಾರವೇ ನಾನು ಇಟ್ಟ ಹೆಸರು. ನೀನೂ ನನ್ನ ಮಗನೂ ಬೇರೆಯಾಗಿ ಎರಡು ವರ್ಷವಾದರೂ ನನ್ನ ನಾಲಿಗೆಗೆ ಬೇರೆಯದು ಹೊರಳುತ್ತಿಲ್ಲ. ಬೇಸರವಾದರೆ ಆ ಸಾಲನ್ನು ಹೊಡೆದುಹಾಕಿ ಮುಂದಕ್ಕೆ ಓದು.

ವಿಷಯ ಇಷ್ಟು. ನನ್ನ ಕಣ್ಣು ಹಳದಿಯಾಗಿದೆ. ಮೊದಲು ಕಂಡದ್ದು ನನಗಲ್ಲ, ಬಸ್ಸಿನ ಸೀಟು ಹೊಲಿಸಲು ಬಂದ ಡ್ರೈವರನಿಗೆ. "ಸೀಟಮ್ಮ, ನಿಮ್ಮ ಕಣ್ಣೇನು ಈ ರೆಕ್ಸಿನ್ ಬಣ್ಣಕ್ಕೆ ತಿರುಗಿದೆ?" ಎಂದ. ನಾನು ನಕ್ಕು ಹೊಲಿಗೆ ಮುಂದುವರಿಸಿದೆ. ಅದಾಗಿ ನಾಲ್ಕು ದಿನಕ್ಕೆ ಮೈಯೆಲ್ಲ ತುರಿಕೆ. ಕತ್ತರಿ ಹಿಡಿದ ಕೈ ಅರ್ಧಕ್ಕೇ ನಿಲ್ಲುತ್ತದೆ, ಮರದ ಸ್ಕೇಲು ತೆಗೆದುಕೊಂಡು ಬೆನ್ನು ಕೆರೆಯುತ್ತೇನೆ. ಒಂದು ಕಡೆ ಕೂರಲಾಗುತ್ತಿಲ್ಲ. ಮೂತ್ರ ಹಾಲು ಹಾಕದ ಟೀಯಂತಿದೆ.

ನಮ್ಮ ಬೀದಿಯ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಕಲ್ಲಿಲ್ಲವಂತೆ. ಲಿವರಿನೊಳಗಿಂದ ಪಿತ್ತ ಹರಿದು ಬರುವ ನಾಳಗಳು ಉಬ್ಬಿವೆ, ಅವೆಲ್ಲ ಬಂದು ಸೇರುವ ಜಾಗ ಕಿರಿದಾಗಿದೆ ಎಂದರು. ಯಾಕೆ ಎಂದು ಕೇಳಿದೆ. "ಅದನ್ನ ಒಳಗೆ ಹೋಗಿ ನೋಡ್ದೋರೇ ಹೇಳ್ಬೇಕು" ಎಂದು ಚೀಟಿ ಬರೆದುಕೊಟ್ಟರು. ಚೀಟಿಯಲ್ಲಿರುವುದು ನೀನು ಕೆಲಸ ಮಾಡುವ ಆಸ್ಪತ್ರೆ, ನೀನಿರುವ ವಿಭಾಗವೇ.

ಬೇರೆ ಆಸ್ಪತ್ರೆ ಇಲ್ಲದಿಲ್ಲ, ಬಸ್ಸಿನಲ್ಲಿ ಇನ್ನೂ ಮೂರು ತಾಸು ದೂರ. ನಾನು ಅಲ್ಲಿಗೆ ಬಂದರೆ ನಿನಗೆ ಮುಜುಗರವೇ? ಹೌದಾದರೆ ಹೌದೆಂದು ಬರೆ. ಫೋನ್ ಮಾಡಬೇಡ. ಮೂವತ್ತು ವರ್ಷ ದೊಡ್ಡ ಮಷಿನಿನ ಮುಂದೆ ಕೂತು ಕಿವಿ ಮುಕ್ಕಾಲು ಹೋಗಿದೆ, ಎದುರಿದ್ದವರ ತುಟಿ ನೋಡಿ ಮಾತು ತಿಳಿಯುತ್ತೇನೆ. ಮೆಸೇಜು ಕಳಿಸಿದರೆ ಫೋನು ಇರುವುದು ಮಗನ ಕೈಯಲ್ಲಿ. ಅವನಿಗೆ ತಿಳಿಯದೆ ಬರೆಯುತ್ತಿದ್ದೇನೆ.

ಸೀಟಮ್ಮ


ಫೆಬ್ರವರಿ 8

ಏನೆಂದು ಕರೆಯಲಿ ತಿಳಿಯದೆ ಮೇಲಿನ ಸಾಲು ಬಿಟ್ಟಿದ್ದೇನೆ.

ಬನ್ನಿ. ಮುಜುಗರ ನನಗೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಹದಿನಾರನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಹೆಸರು ಬರೆಸಿದ್ದೇನೆ. ಹಿಂದಿನ ದಿನದ ಊಟವಾದ ಮೇಲೆ ಏನೂ ತಿನ್ನಬೇಡಿ. ಸ್ಕ್ಯಾನ್ ಚೀಟಿ, ರಕ್ತ ಪರೀಕ್ಷೆಯ ಚೀಟಿ ಎಲ್ಲ ತನ್ನಿ. ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಈಗಲೇ ತಿಳಿಸಿ.

ಏನು ಮಾಡುತ್ತಾರೆಂದು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದ ಕೆಲಸಕ್ಕೆ ನೀವು ಮೈ ಕೊಡುವವರಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆಯನ್ನು ಹೊಟ್ಟೆ ದಾಟಿಸಿ ಕರುಳಿನ ಆರಂಭದವರೆಗೆ ಇಳಿಸುತ್ತಾರೆ. ಪಿತ್ತನಾಳ ಬಂದು ತೆರೆದುಕೊಳ್ಳುವುದು ಅಲ್ಲಿ. ಆ ಬಾಯಿಂದ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರೆ ನಾಳ ಎಲ್ಲಿ, ಎಷ್ಟುದ್ದ ಕಿರಿದಾಗಿದೆ ಎಂದು ಕಾಣುತ್ತದೆ. ಕಿರಿದಾದ ಕಡೆ ಸಣ್ಣ ಬ್ರಷ್‌ನಿಂದ ಉಜ್ಜಿ ಒಂದಿಷ್ಟು ಜೀವಕೋಶ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಪಿತ್ತ ಹರಿಯಲೆಂದು ಪ್ಲಾಸ್ಟಿಕ್ ಕೊಳವೆ ಇಡುತ್ತಾರೆ. ತುರಿಕೆ ಅದರಿಂದಲೇ ಇಳಿಯುತ್ತದೆ.

ನಮ್ಮ ಡಾಕ್ಟರಮ್ಮ ಸಾವಿರಾರು ಮಾಡಿದ್ದಾರೆ. ಪಕ್ಕದಲ್ಲಿ ಬ್ರಷ್ಷು, ತಂತಿ, ಸ್ಲೈಡು ನೋಡಿಕೊಳ್ಳುವುದು ನನ್ನ ಕೆಲಸ. ಬೇಡವೆಂದರೆ ಅಂದು ಬೇರೆ ನರ್ಸ್ ಇರುತ್ತಾರೆ.

ಇಂತಿ,
ನಿಮ್ಮ ಗಡಿಬಿಡಿ (ಹೊಡೆದುಹಾಕಿಲ್ಲ)


ಫೆಬ್ರವರಿ 20

ಗಡಿಬಿಡಿಗೆ,

ತುರಿಕೆ ಹೋಯಿತು. ಅಂಗಿಯ ಕಾಲರು ತಾಗಿದರೂ ಉರಿಯುತ್ತಿದ್ದ ಮೈ ಈಗ ತಣ್ಣಗಿದೆ. ಕಣ್ಣಿನ ಹಳದಿಯೂ ಮಾಸುತ್ತಿದೆ. ಇಂದು ಎರಡು ಕುರ್ಚಿಯ ಕವರು ಹೊಲಿದೆ.

ಮಂಪರು ಬರುವ ಮೊದಲು ನೀನು ಮಾಸ್ಕ್ ಇಳಿಸಿ, ನಿನ್ನ ತುಟಿ ನೋಡಿ ನಾನು ಓದುವ ಹಾಗೆ ನಿಧಾನವಾಗಿ "ಹೆದ್ರಬೇಡಿ, ಇಲ್ಲೇ ಇದ್ದೀನಿ" ಎಂದದ್ದು ನೆನಪಿದೆ. ಆಮೇಲಿನದು ಒಂದೂ ನೆನಪಿಲ್ಲ. ಎಚ್ಚರವಾದಾಗ ಮಂಚದ ಪಕ್ಕ ಮಗ ಇದ್ದ. ನೀನು ಬರುತ್ತೀಯ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಮಾರನೇ ದಿನ ಮನೆಗೆ ಕಳಿಸುವವರೆಗೂ ನೀನು ಬರಲಿಲ್ಲ. ಮಗನ ಮುಖ ನೋಡಬೇಕಾದೀತೆಂದೇ? ಹಾಗಿದ್ದರೆ ಅವನನ್ನು ಟೀ ತರಲು ಕಳಿಸುತ್ತಿದ್ದೆ, ನೀನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು.

ಡಿಸ್ಚಾರ್ಜ್ ಬರೆಯುವ ಗುಮಾಸ್ತೆ "ಒಳಗೆ ಇದ್ದ ಸಿಸ್ಟರ್ ನಿಮಗೇನಾಗಬೇಕು?" ಎಂದು ಚೀಟಿಯಲ್ಲಿ ಬರೆದು ಕೇಳಿದಳು. ಏನು ಹೇಳಲಿ? "ಆಗಬೇಕಾದ್ದೆಲ್ಲ ಆಗಿ ಮುಗಿದಿದೆ" ಎಂದೆ. ಮಗ ತಲೆ ತಗ್ಗಿಸಿಕೊಂಡ.

ಬ್ರಷ್‌ನ ರಿಪೋರ್ಟು ಯಾವಾಗ ಬರುತ್ತದೆ? ಕಾಯುವುದೊಂದನ್ನು ಮಾತ್ರ ನನ್ನ ಕೈಯಲ್ಲಿ ಮಾಡಿಸಬೇಡ. ದಿನಕ್ಕೆ ಹತ್ತು ಸಲ ಬಾಗಿಲಿಗೆ ಹೋಗಿ ಬರುತ್ತೇನೆ. ಬಾಬಿನ್ ಸುತ್ತುತ್ತಾ ಸುತ್ತುತ್ತಾ ದಾರ ಎಲ್ಲ ಮುಗಿಸಿಬಿಟ್ಟೆ.

ಸೀಟಮ್ಮ


ಫೆಬ್ರವರಿ 25

ಅತ್ತೆ,

ರಿಪೋರ್ಟು ಬಂದಿದೆ. ನಿಮ್ಮನ್ನು ಕರೆದು ಡಾಕ್ಟರಮ್ಮನೇ ಹೇಳುತ್ತಾರೆ, ನಾನು ಹೇಳುವ ಹಾಗಿಲ್ಲ. ಇಷ್ಟು ಹೇಳಬಲ್ಲೆ: ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. "ಅನುಮಾನ ಹುಟ್ಟಿಸುವ ಜೀವಕೋಶಗಳಿವೆ" ಎಂದು ಬರೆದಿದ್ದಾರೆ. ಸರ್ಜನ್ ಆಪರೇಷನ್ನಿನ ಮಾತು ತೆಗೆಯುತ್ತಾರೆ. ತೆಗೆದರೆ ನೀವು ಒಂದು ಮಾತು ಕೇಳಿ, ಅದಕ್ಕೆ ಮೊದಲು ಇನ್ನೊಮ್ಮೆ ಒಳಗೆ ನೋಡಲು ಹೇಳಿ. ಪಿತ್ತನಾಳದ ಒಳಕ್ಕೇ ಹೋಗುವ ತೆಳ್ಳಗಿನ ಕ್ಯಾಮೆರಾ ಇದೆ. ಅದರಲ್ಲಿ ಕಣ್ಣಾರೆ ನೋಡಿಕೊಂಡು ಚೂರು ಕಚ್ಚಿ ತೆಗೆಯಬಹುದು.

ಕೇಳಿ, ಮರೆಯಬೇಡಿ.

ಗಡಿಬಿಡಿ


ಮಾರ್ಚ್ 2

ಗಡಿಬಿಡಿಗೆ,

ಸರ್ಜನ್ ನನಗೆ ಕೇಳಿಸುವುದಿಲ್ಲವೆಂದು ಚಿತ್ರ ಬರೆದು ತೋರಿಸಿದರು. ಲಿವರಿಗೆ ಎರಡು ಭಾಗ, ಎರಡರಿಂದಲೂ ಒಂದೊಂದು ನಾಳ ಬಂದು ಕೂಡುತ್ತದೆ, ಕೂಡುವಲ್ಲಿಯೇ ನನ್ನ ತೊಂದರೆ. ಬಲಭಾಗವನ್ನು ನಾಳದ ಸಮೇತ ತೆಗೆಯುವುದು, ಎಡಭಾಗದ ನಾಳವನ್ನು ಕರುಳಿಗೆ ಹೊಲಿಯುವುದು. ಹೊಲಿಗೆ ಎಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ತಾರೀಖು ಹತ್ತೊಂಬತ್ತು.

"ಅದು ಕೆಟ್ಟದ್ದೇ ಅಂತ ಖಾತ್ರಿನಾ?" ಎಂದು ಕೇಳಿದೆ. ಖಾತ್ರಿಯಿಲ್ಲ, ಆದರೆ ಎಕ್ಸ್‌ರೇ, ಮೊನ್ನೆ ಮಾಡಿಸಿದ ಎಂ.ಆರ್.ಐ., ಬ್ರಷ್‌ನ ರಿಪೋರ್ಟು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ಕಾದರೆ ಕೈ ಮೀರಬಹುದು ಎಂದರು. ನೀನು ಹೇಳಿಕೊಟ್ಟ ಹಾಗೆ ಇನ್ನೊಮ್ಮೆ ಒಳಗೆ ನೋಡಿ ಎಂದೆ. ಮಗ ಅಲ್ಲೇ ಸಿಡಿದ. "ಇದನ್ನ ಯಾರು ಹೇಳಿಕೊಟ್ಟಿದ್ದು ಅಂತ ನಂಗೊತ್ತು. ಅವಳ ಮಾತು ಕೇಳ್ಕೊಂಡು ದಿನ ದೂಡ್ತೀಯಾ ಅಮ್ಮ?" ಎಂದನಂತೆ. ನನಗೆ ಕೇಳಿಸಲಿಲ್ಲ. ಮುಖ ನೋಡಿ ಅರ್ಧ ತಿಳಿಯಿತು, ಉಳಿದದ್ದನ್ನು ಬಸ್ಸಿನಲ್ಲಿ ಬಾಯಿಬಿಡಿಸಿದೆ.

ಈಗ ನಿನ್ನನ್ನು ಕೇಳುತ್ತೇನೆ. ನಾನು ಸೀಟು ನೋಡಿದ ಕೂಡಲೇ ಯಾವ ಹೊಲಿಗೆ ಯಾರು ಬಿಟ್ಟಿದ್ದಾರೆಂದು ಹೇಳಬಲ್ಲೆ. ನಿನ್ನ ಹೋದ ಕಾಗದದಲ್ಲೊಂದು ಹೊಲಿಗೆ ಬಿಟ್ಟಿದೆ. ಕೇಳಿ ಎಂದೆ, ಯಾಕೆ ಎಂದು ಬರೆಯಲಿಲ್ಲ. ಮೊದಲ ಸಲ ನನಗೆ "ಅತ್ತೆ" ಎಂದು ಬರೆದದ್ದೂ ಅದೇ ಕಾಗದದಲ್ಲಿ. ನಿನ್ನ ಮನಸ್ಸಿನಲ್ಲಿ ಏನೋ ಇದೆ.

ಬಿಚ್ಚಿ ಹೇಳು. ಹತ್ತೊಂಬತ್ತಕ್ಕೆ ಹೆಚ್ಚು ದಿನವಿಲ್ಲ.

ಸೀಟಮ್ಮ


ಮಾರ್ಚ್ 6

ಅತ್ತೆ,

ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ.

ಬ್ರಷ್‌ನಲ್ಲಿ ಬಂದದ್ದನ್ನು ಗಾಜಿನ ಸ್ಲೈಡಿಗೆ ಬಳಿದ ಕೂಡಲೇ ಆಲ್ಕೋಹಾಲ್ ಇರುವ ಡಬ್ಬಿಯಲ್ಲಿ ಮುಳುಗಿಸಬೇಕು. ಕೂಡಲೇ ಎಂದರೆ ಆ ಕ್ಷಣವೇ. ಗಾಳಿಗೆ ಒಣಗಿದರೆ ಜೀವಕೋಶ ಉಬ್ಬಿ ಆಕಾರ ಕೆಡುತ್ತದೆ. ಒಳ್ಳೆಯದೂ ಕೆಟ್ಟದ್ದರ ಹಾಗೆ ಕಾಣಬಹುದು, ಕೆಟ್ಟದ್ದು ಗುರುತೇ ಸಿಗದಿರಬಹುದು. ಏಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹೊಸಬರಿಗೆ ಕಲಿಸುವವಳೂ ನಾನೇ.

ಹದಿನಾರರಂದು ಎರಡು ಸ್ಲೈಡು ಬಳಿದೆ. ಅಷ್ಟರಲ್ಲಿ ನೀವು ಮಂಪರಿನಲ್ಲೇ ಮಿಸುಕಾಡಿದಿರಿ. ನಿಮ್ಮ ಕೈ ಹಾಸಿಗೆಯ ಅಂಚನ್ನು ತಡಕುತ್ತಾ ಬಂತು, ಹೊಲಿಗೆ ಎಲ್ಲಿ ಮುಗಿಯಿತೆಂದು ನೋಡುವ ಹಾಗೆ. ಬಂದು ನನ್ನ ಕೈ ಹಿಡಿಯಿತು. ಗಟ್ಟಿಯಾಗಿ. ಇನ್ನೊಬ್ಬ ನರ್ಸ್ ಇಂಜೆಕ್ಷನ್ ನೋಡುತ್ತಿದ್ದಳು, ಡಾಕ್ಟರಮ್ಮ ಪರದೆ ನೋಡುತ್ತಿದ್ದರು. ನಾನು ಕೈ ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ. ಅರ್ಧ ನಿಮಿಷ, ಒಂದು ನಿಮಿಷವೂ ಇರಬಹುದು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದಾಗ ನೀವು ಒಮ್ಮೆಯೂ ನನ್ನ ಕೈ ಹಿಡಿದವರಲ್ಲ. ತಿರುಗಿ ನೋಡಿದಾಗ ಗಾಜು ಒಣಗಿತ್ತು.

ಹಾಗೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಯಾರಿಗೂ ಹೇಳಲಿಲ್ಲ. ವಾರ್ಡಿಗೆ ಬರದಿದ್ದದ್ದು ನಿಮ್ಮ ಮಗನಿಗೆ ಹೆದರಿ ಅಲ್ಲ.

ರಿಪೋರ್ಟಿನಲ್ಲಿ "ಅನುಮಾನ" ಎಂದು ಓದಿದಾಗ, ಇದು ರೋಗದ ಅನುಮಾನವೋ ನಾನು ಒಣಗಿಸಿದ ಗಾಜಿನದೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ನಿಮ್ಮ ಬಾಯಿಂದ ಕೇಳಿಸಿದರೆ ನಾನು ಒಪ್ಪಿಕೊಳ್ಳದೆಯೇ ಎರಡನೇ ಪರೀಕ್ಷೆ ಆಗಿಬಿಡುತ್ತದೆ ಎಂದುಕೊಂಡೆ. ನಾಚಿಕೆಗೇಡು. ನಿನ್ನೆ ನಿಮ್ಮ ಕಾಗದ ಬಂದ ಮೇಲೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಆವತ್ತೇ ಹೇಳಿದ್ರೆ ಇನ್ನೊಂದು ಬ್ರಷ್ ತಗೊಳ್ತಿದ್ದೆ. ಎರಡು ನಿಮಿಷದ ಕೆಲಸ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಆ ಕೊಠಡಿಯಿಂದ ತೆಗೆದು ಕೊಳವೆ ತೊಳೆಯುವ ವಿಭಾಗಕ್ಕೆ ಹಾಕಿದ್ದಾರೆ. ಸರ್ಜನ್ ಜೊತೆ ಮಾತಾಡಿ ಹತ್ತೊಂಬತ್ತರ ಆಪರೇಷನ್ ಮುಂದೂಡಿಸಿದ್ದಾರೆ. ಹದಿನಾಲ್ಕಕ್ಕೆ ತೆಳು ಕ್ಯಾಮೆರಾ ಹಾಕುತ್ತಾರೆ. ನಡೆದದ್ದನ್ನು ಅವರೇ ನಿಮಗೆ ಬರೆದು ತಿಳಿಸುತ್ತಾರೆ, ಅದಕ್ಕೆ ಮೊದಲು ನನ್ನಿಂದಲೇ ನಿಮಗೆ ತಿಳಿಯಲಿ ಎಂದು ಇದನ್ನು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಕ್ಷಮೆ ಕೇಳುವ ಮುಖವಿಲ್ಲ. ಕೇಳುತ್ತಿದ್ದೇನೆ.

ಗಡಿಬಿಡಿ


ಮಾರ್ಚ್ 11

ಕಾಗದ ಬಂತು. ಹದಿನಾಲ್ಕಕ್ಕೆ ಬರುತ್ತೇನೆ. ಸ್ಲೈಡಿನ ವಿಷಯ ಮಗನಿಗೆ ಹೇಳಿಲ್ಲ.

ಸೀಟಮ್ಮ


ಮಾರ್ಚ್ 17

ಅತ್ತೆ,

ನಿಮ್ಮ ಮೂರು ಸಾಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಬರೆಯಿರಿ ಎಂದು ಕೇಳುವುದಿಲ್ಲ.

ಹದಿನಾಲ್ಕರಂದು ನಾನು ಗೋಡೆಯ ಆಚೆ ಇದ್ದೆ. ನಿಮ್ಮನ್ನು ಒಳಗೆ ಕರೆದೊಯ್ದ ಗಾಲಿಯ ಸದ್ದು ಕೇಳಿಸಿತು. ಒಂದು ಗಂಟೆ ಹತ್ತು ನಿಮಿಷ. ತೊಳೆದ ಕೊಳವೆಯನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ಆಮೇಲೆ ಕಿಂಡಿಯಿಂದ ಟ್ರೇ ಬಂತು. ನಿಮ್ಮೊಳಗೆ ಹೋಗಿ ಬಂದ ದೊಡ್ಡ ಕೊಳವೆ ಅದರಲ್ಲಿತ್ತು. ತೊಳೆದೆ. ಒಳಗಿನ ಸಂದಿಗಳಿಗೆಲ್ಲ ಬ್ರಷ್ ಹಾಕಿ, ಲೆಕ್ಕದ ಪ್ರಕಾರ, ಒಂದು ಹೆಜ್ಜೆ ಬಿಡದೆ.

ಸಂಜೆ ಡಾಕ್ಟರಮ್ಮ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಯಾಕೆ ತೋರಿಸಿದರೋ, ಶಿಕ್ಷೆಗೋ ಸಮಾಧಾನಕ್ಕೋ ತಿಳಿಯಲಿಲ್ಲ. ಎಕ್ಸ್‌ರೇಯಲ್ಲಿ ಬರೀ ನೆರಳು ಕಾಣುತ್ತಿತ್ತು. ಇದರಲ್ಲಿ ನಾಳದ ಗೋಡೆಯೇ ಕಾಣುತ್ತದೆ. ನಸುಗೆಂಪು, ನುಣುಪು. ಮುಂದೆ ಹೋದಂತೆ ಒಂದು ಕಡೆ ಗೋಡೆ ಒರಟಾಗಿ ಎದ್ದಿದೆ, ಅದರ ಮೇಲೆ ರಕ್ತನಾಳಗಳು ಡೊಂಕುಡೊಂಕಾಗಿ ಹರಡಿವೆ. ಅಲ್ಲಿಂದ ಐದು ಚೂರು ಕಚ್ಚಿ ತೆಗೆದಿದ್ದಾರೆ. ಅಲ್ಲದೆ ಎಡದ ನಾಳದಿಂದ ಎರಡು, ಬಲದ ನಾಳದಿಂದ ಎರಡು. ಎಲ್ಲವೂ ಬೇರೆಬೇರೆ ಬಾಟಲಿಯಲ್ಲಿ ಹೋಗಿವೆ.

ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೇನೆ. ಅರ್ಥ ಹೇಳುವ ಅಧಿಕಾರ ನನಗಿಲ್ಲ. ಬಣ್ಣ ಬಳಿದು ಬರೆಯಲೂ ಮನಸ್ಸು ಬರಲಿಲ್ಲ.

ಗಡಿಬಿಡಿ


ಮಾರ್ಚ್ 24

ಗಡಿಬಿಡಿಗೆ,

ನಿನ್ನೆ ಡಾಕ್ಟರಮ್ಮ ಕರೆಸಿದ್ದರು. ನನಗೆ ಕೇಳಿಸಲೆಂದು ಕೂಗಿ ಹೇಳಿದರೆ ಹೊರಗಿದ್ದವರಿಗೆಲ್ಲ ಕೇಳಿಸೀತೆಂದು ಕಾಗದ ಎಳೆದುಕೊಂಡು ಬರೆದರು. "ಕ್ಯಾನ್ಸರ್ ಹೌದು." ಆಮೇಲೆ ಅದರ ಕೆಳಗೆ, "ತೆಗೆಯಬಹುದಾದ ಹಂತದಲ್ಲಿದೆ." ಎರಡನೆಯ ಸಾಲು ಬರೆಯುವಷ್ಟು ಹೊತ್ತು ನಾನು ಮೊದಲನೆಯದನ್ನೇ ನೋಡುತ್ತಿದ್ದೆ.

ಐದು ಚೂರಿನಲ್ಲಿ ನಾಲ್ಕರಲ್ಲಿ ಇದೆಯಂತೆ. ಎಡದ ನಾಳದಿಂದ ತೆಗೆದ ಎರಡರಲ್ಲೂ ಇದೆಯಂತೆ, ಬಲದಲ್ಲಿ ಇಲ್ಲ. ಸರ್ಜನ್ ಬಂದು ತಮ್ಮ ಹಳೆಯ ಚಿತ್ರದ ಮೇಲೆ ಗೀಟು ಹೊಡೆದು ಹೊಸದು ಬರೆದರು. ಈಗ ತೆಗೆಯುವುದು ಎಡಭಾಗ. ಬಲಭಾಗ ಉಳಿಯುತ್ತದೆ. ತಾರೀಖು ಏಪ್ರಿಲ್ ಎರಡು.

ಮಗನಿಗೆ ಅಲ್ಲಿಯೇ ಎಲ್ಲ ಹೇಳಿದೆ, ಸ್ಲೈಡಿನದೂ. ಅವನ ಮುಖ ಕೆಂಪಾಯಿತು. "ಎರಡು ವಾರ ಹೋಯ್ತಲ್ಲ ಅಮ್ಮ, ಅವಳಿಂದ" ಎಂದ, ಕಾಗದದ ಮೇಲೆ, ಪೆನ್ನು ಒತ್ತಿ ಒತ್ತಿ. ಸರ್ಜನ್ ಅದನ್ನು ಓದಿ, ಅದೇ ಕಾಗದ ಎಳೆದುಕೊಂಡು ಬರೆದರು: "ಹತ್ತೊಂಬತ್ತಕ್ಕೆ ನಾನು ಬಲಭಾಗ ತೆಗೀತಿದ್ದೆ. ರೋಗ ಎಡಭಾಗದಲ್ಲಿ ಉಳೀತಿತ್ತು." ಮಗ ಅದನ್ನು ಓದಿ, ಕಾಗದ ಮಡಚಿ ನನ್ನ ಫೈಲಿನೊಳಗಿಟ್ಟ.

ಇದನ್ನು ಓದಿ ನೀನು ನಿರಾಳವಾಗಿಬಿಡಬೇಡ. ನೀನು ತಪ್ಪು ಮಾಡಿದ್ದು ತಪ್ಪೇ. ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ನಾಲ್ಕು ದಿನ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಎರಡು ಸೂಜಿ ಮುರಿದೆ. ಐದನೇ ದಿನ ನನ್ನದೂ ಒಂದು ನೆನಪಿಗೆ ಬಂತು.

ನೀನು ಪೆಟ್ಟಿಗೆ ಹಿಡಿದು ಹೊರಟ ದಿನ ನಾನು ಬಸ್ಸಿನ ಸೀಟು ಹೊಲಿಯುತ್ತಿದ್ದೆ. ನೀನು ಬಾಗಿಲಲ್ಲಿ ನಿಂತು ಏನೋ ಹೇಳಿದೆ. ಕಿವಿ ಕೇಳುವುದಿಲ್ಲ ಎಂಬ ನೆಪ ಆಗಲೂ ಇತ್ತು. ಆದರೆ ತಲೆ ಎತ್ತಿದ್ದರೆ ತುಟಿ ಓದಬಹುದಿತ್ತು. ಎತ್ತಲಿಲ್ಲ. ಎತ್ತಿದರೆ ಮಗನ ಕಡೆಯೋ ನಿನ್ನ ಕಡೆಯೋ ಎಂದು ಹೇಳಬೇಕಾಗುತ್ತಿತ್ತು. ಅವತ್ತು ನೀನೇನು ಹೇಳಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಒಂದು ನಿಮಿಷ ಕೈ ಬಿಡಲಿಲ್ಲ, ನಾನು ಒಂದು ನಿಮಿಷ ತಲೆ ಎತ್ತಲಿಲ್ಲ. ಎರಡನ್ನೂ ತೂಗಿ ನೋಡಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಹೆದರಿಕೆಯಾಗುತ್ತಿದೆ, ಗಡಿಬಿಡಿ. ಇದನ್ನು ಮಗನಿಗೆ ಹೇಳಲಾರೆ.

ಅತ್ತೆ


ಮಾರ್ಚ್ 28

ಅತ್ತೆ,

ಏಪ್ರಿಲ್ ಒಂದರಿಂದ ಹನ್ನೆರಡು ದಿನ ರಜೆ ಹಾಕಿದ್ದೇನೆ. ನರ್ಸಾಗಿ ಅಲ್ಲ, ರೋಗಿಯ ಕಡೆಯವಳಾಗಿ ಇರುತ್ತೇನೆ. ನಿಮ್ಮ ಮಗ ಬೇಡವೆಂದರೆ ಕಾರಿಡಾರಿನಲ್ಲಿ ಕೂರುತ್ತೇನೆ. ಕಾರಿಡಾರಿನಿಂದ ಎಬ್ಬಿಸುವ ಅಧಿಕಾರ ಅವರಿಗಿಲ್ಲ.

ಅವತ್ತು ಬಾಗಿಲಲ್ಲಿ ನಿಂತು ಹೇಳಿದ್ದು ದೊಡ್ಡ ಮಾತೇನಲ್ಲ. "ನಿಮ್ಮ ಬಿ.ಪಿ. ಮಾತ್ರೆ ಎರಡನೇ ಡ್ರಾಯರಿನಲ್ಲಿದೆ" ಎಂದೆ. ಬೇರೆ ಏನೋ ಹೇಳಬೇಕೆಂದು ನಿಂತಿದ್ದೆ. ಬಾಯಿಗೆ ಬಂದದ್ದು ಅಷ್ಟು.

ಹೆದರಿಕೆ ನನಗೂ ಇದೆ. ಹಾಗಾಗಿ ಹೆದರಬೇಡಿ ಎಂದು ಬರೆಯುವುದಿಲ್ಲ. ಏಳು ಗಂಟೆಯ ಆಪರೇಷನ್. ಆಮೇಲೆ ಎರಡು ದಿನ ಐ.ಸಿ.ಯು.ನಲ್ಲಿ ಇಡುತ್ತಾರೆ. ಎಚ್ಚರವಾದಾಗ ಮೂಗಿನಲ್ಲಿ, ಹೊಟ್ಟೆಯಲ್ಲಿ ಕೊಳವೆಗಳಿರುತ್ತವೆ, ಕಿತ್ತುಹಾಕಲು ಹೋಗಬೇಡಿ. ಒಂದು ಪಾಟಿ, ಬಳಪ ತರುತ್ತೇನೆ. ಏನು ಬೇಕಾದರೂ ಬರೆದು ಕೇಳಿ.

ಗಡಿಬಿಡಿ


ಮೇ 19

ಗಡಿಬಿಡಿಗೆ,

ಆಸ್ಪತ್ರೆಯಿಂದ ಬಂದು ಒಂದು ತಿಂಗಳಾಯಿತು. ಕೈಬರಹ ನೋಡಿ ಗಾಬರಿಯಾಗಬೇಡ. ಇನ್ನೂ ಬೆರಳಿಗೆ ಬಲ ಬಂದಿಲ್ಲ. ಹೊಟ್ಟೆಯ ಕೊಳವೆಗೆ ಕಟ್ಟಿದ್ದ ಚೀಲವನ್ನು ಹೋದ ವಾರ ತೆಗೆದರು. ಹನ್ನೊಂದು ಕೆ.ಜಿ. ಇಳಿದಿದ್ದೇನೆ, ನನ್ನ ಬಟ್ಟೆಯನ್ನೆಲ್ಲ ನಾನೇ ಹಿಡಿದು ಹೊಲಿದುಕೊಂಡೆ. ಮಗ ಅಂಗಡಿ ಬಾಗಿಲು ತೆರೆಯುತ್ತಾನೆ. ನೇರ ಹೊಲಿಗೆ ಕಲಿತಿದ್ದಾನೆ. ಮೂಲೆ ತಿರುಗಿಸಲು ಇನ್ನೂ ಬರುವುದಿಲ್ಲ.

ತೆಗೆದ ಭಾಗದ ರಿಪೋರ್ಟು ಮೊನ್ನೆ ಕೊಟ್ಟರು. ಅಂಚಿನಲ್ಲಿ ರೋಗ ಉಳಿದಿಲ್ಲವಂತೆ. ಆರು ತಿಂಗಳು ಮಾತ್ರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನು. "ವಾಸಿಯಾಯ್ತಾ?" ಎಂದು ಕೇಳಿದೆ. "ಸದ್ಯಕ್ಕೆ ಕಾಣ್ತಿಲ್ಲ" ಎಂದು ಬರೆದರು. ಮಗ ಅದನ್ನೇ ದೊಡ್ಡ ಸುದ್ದಿ ಮಾಡಿಕೊಂಡು ಬೀದಿಗೆಲ್ಲ ಹೇಳಿದ. ನಾನು ಮಾತ್ರ "ಸದ್ಯಕ್ಕೆ" ಎಂಬ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನಿಸುತ್ತದೆ. ಇದು ಇನ್ನು ಹೀಗೇ ಇರುತ್ತದೆ ಎಂದುಕೊಂಡಿದ್ದೇನೆ.

ಆ ಹನ್ನೆರಡು ದಿನ ನೀವಿಬ್ಬರೂ ಮಂಚದ ಆ ಕಡೆ ಈ ಕಡೆ ಕೂತು ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಡಬ್ಬಿಯಿಂದ ಊಟ ಮಾಡಿದ್ದನ್ನು ನಾನು ಕಣ್ಣು ಮುಚ್ಚಿದ ಹಾಗೆ ಮಾಡಿ ನೋಡುತ್ತಿದ್ದೆ. ಮತ್ತೆ ಒಂದಾಗಿ ಎಂದು ಹೇಳುವವಳಲ್ಲ ನಾನು. ಆ ಬಟ್ಟೆ ಹರಿದಾಗಿದೆ, ನನಗೂ ಗೊತ್ತು.

ಆದರೆ ಒಂದು ಕೆಲಸವಿದೆ. ಮೊನ್ನೆ ರಿಪೋರ್ಟಿಗೆಂದು ಹೊರಗೆ ಎರಡು ತಾಸು ಕೂರಿಸಿದ್ದರು. ಆ ಸೀಟುಗಳನ್ನು ನೋಡಿದ್ದೀಯಾ? ಹನ್ನೊಂದರಲ್ಲಿ ಏಳು ಹರಿದು ಫೋಮು ಹೊರಗೆ ಬಂದಿದೆ. ಕಾಯುವವರೆಲ್ಲ ಅದನ್ನೇ ಬೆರಳಿನಿಂದ ಕಿತ್ತು ಕಿತ್ತು ಇನ್ನಷ್ಟು ಹಾಳುಮಾಡಿದ್ದಾರೆ. ನಾನೂ ಒಂದಿಷ್ಟು ಕಿತ್ತೆ. ಆಮೇಲೆ ಎದ್ದು ಅಳತೆ ತೆಗೆದುಕೊಂಡು ಹೋಗಿ ಆಫೀಸಿನಲ್ಲಿ ಹೇಳಿದೆ. ಮಾಡಿಕೊಡಿ ಎಂದರು.

ಜೂನ್ ಐದು, ಭಾನುವಾರ, ಜನ ಇರುವುದಿಲ್ಲ. ಕವರು ಇಲ್ಲೇ ಹೊಲಿದು ತರುತ್ತೇನೆ. ಕೂರಿಸುವಾಗ ರೆಕ್ಸಿನನ್ನು ಎರಡು ತುದಿಯಿಂದ ಬಿಗಿಯಾಗಿ ಎಳೆದು ಹಿಡಿಯಬೇಕು, ಮೊಳೆ ಹೊಡೆಯುವುದು ನಾನು. ಒಂದು ತುದಿಗೆ ಮಗ ಬರುತ್ತಾನೆ. ಇನ್ನೊಂದು ತುದಿಗೆ ನಿನಗೆ ಬಿಡುವಿದ್ದರೆ ಬಾ. ಮಾತಾಡಲೇಬೇಕೆಂದಿಲ್ಲ. ಇಬ್ಬರೂ ಸಮನಾಗಿ ಎಳೆದರೆ ಸಾಕು, ಸುಕ್ಕು ಬರಬಾರದು.

ಅತ್ತೆ